ನಶ್ಯದ ಡಬ್ಬಿಯೊಳಗಿನ ಮರ

ಮೊನ್ನೆ ನನ್ನ ಮಗಳು ಅಪೂರ್ವಾ ಮಲಾಡ್‌ನ ಯಾವುದೋ ದೊಡ್ಡ ಅಂಗಡಿಯಿಂದ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಬ್ಲೂಬೆರಿ ಹಣ್ಣು ತಂದಳು. ಕಡಲೆಕಾಳಿಗಿಂತ ಒಂದಿಷ್ಟು ದಪ್ಪ, ನೇರಳೆ ಹಣ್ಣಿನ ಬಣ್ಣ, ಮೈಮೇಲೆ ತೆಳ್ಳಗೆ ವಿಭೂತಿ ಬಳಿದಂಥ ಬೂದಿ. ಬೆಲೆ ಎಷ್ಟೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಯಲ್ಲಿ ಶಾಂತಿ ಇರಬೇಕಾದರೆ ಇಂಥ ಕೆಲವು ಒಪ್ಪಂದಗಳು ಬೇಕಾಗುತ್ತವೆ.

"ತಿನ್ನಮ್ಮಾ, ಸೇಹತ್‌ಗೆ ಒಳ್ಳೇದು. ಆಜ್‌ಕಲ್ ಎಲ್ಲಾರೂ ತಿಂತಾರೆ" ಎಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳ ಕನ್ನಡ ಹೀಗೆಯೇ ಇರುತ್ತದೆ. ನಾನು ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು.

ಹಣ್ಣನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ತಲೆಕೆಳಗು ಮಾಡಿ ನೋಡಿದೆ. ನೆತ್ತಿಯ ಮೇಲೆ ಐದು ಮೊನೆಗಳ ಪುಟ್ಟ ಕಿರೀಟ. "ಓಹೋ, ನೀನಾ! ನಿಮ್ಮ ಮನೆತನ ನನಗೆ ಚೆನ್ನಾಗಿ ಗೊತ್ತು" ಎಂದೆ. ಮಗಳು ನನ್ನನ್ನೇ ನೋಡಿದಳು. ವಯಸ್ಸಾದ ತಾಯಂದಿರು ಹಣ್ಣಿನ ಜೊತೆ ಮಾತಾಡತೊಡಗಿದರೆ ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಯೋಚಿಸುತ್ತಿದ್ದಳೋ ಏನೋ.

ನಮ್ಮ ಕಡೆಯವರಿಗೆ ಹೊಸಬರು ಸಿಕ್ಕರೆ ಸಾಕು, ಯಾವೂರು, ಯಾರ ಪೈಕಿ ಎಂದು ವಿಚಾರಿಸದೆ ಅನ್ನ ಇಳಿಯುವುದಿಲ್ಲ. ನಾನು ಆ ವಿಚಾರಣೆಯನ್ನು ಗಿಡಗಳಿಗೂ ಹಬ್ಬಿಸಿದ್ದೇನೆ. ಮದುವೆಗೆ ಮೊದಲು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಪಡೆದ ಬಿ.ಎಸ್ಸಿ. ಪದವಿಯಿಂದ ನನಗೆ ಉಳಿದಿರುವ ಆಸ್ತಿ ಇಷ್ಟೇ. ಮುಂಬಯಿಗೆ ಬಂದಮೇಲೆ ಆ ವಿದ್ಯೆಯೆಲ್ಲ ಮಾಟುಂಗಾ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಬಲಿತಿದೆಯೋ ಎಳೆಯದೋ ಎಂದು ತುದಿ ಮುರಿದು ನೋಡುವುದಕ್ಕೆ ಮೀಸಲಾಯಿತು. ಅದಕ್ಕೆ ಪದವಿ ಬೇಕಿಲ್ಲ ಎಂದು ನನ್ನ ಯಜಮಾನರು ಆಗಾಗ ನೆನಪಿಸುವುದೂ ಉಂಟು.

ಬ್ಲೂಬೆರಿಯ ಮನೆತನಕ್ಕೆ ಎರಿಕೇಸಿ ಎಂದು ಹೆಸರು. ತಣ್ಣನೆಯ ಬೆಟ್ಟದ ಜನ. ಮಣ್ಣಿನಲ್ಲಿ ಹುಳಿ ಇರಬೇಕು, ಗಾಳಿಯಲ್ಲಿ ಚಳಿ ಇರಬೇಕು, ಬೇರಿಗೆ ನೀರು ನಿಲ್ಲಕೂಡದು. ಇಷ್ಟೆಲ್ಲ ಷರತ್ತು ಹಾಕುವ ಬೀಗರನ್ನು ಮುಂಬಯಿ ಹೇಗೆ ಸುಧಾರಿಸೀತು? ಈ ವಂಶದಲ್ಲಿ ಎರಡು ಕವಲು. ಒಂದು ಕವಲಿನವರ ಹಣ್ಣು ರಸ ತುಂಬಿದ್ದು, ಹಕ್ಕಿ ತಿಂದು ಬೀಜ ಹರಡಲಿ ಎಂಬ ಲೆಕ್ಕಾಚಾರದ್ದು. ಇನ್ನೊಂದು ಕವಲಿನವರು ಹಕ್ಕಿಯ ಹಂಗನ್ನೂ ಇಟ್ಟುಕೊಂಡವರಲ್ಲ. ಅವರದು ಕಟ್ಟಿಗೆಯಂಥ ಒಣಕಾಯಿ. ಬಲಿತಮೇಲೆ ತುದಿಯಿಂದ ಸೀಳಿ ಬಿರಿಯುತ್ತದೆ. ಒಳಗಿನ ಬೀಜ ಎಷ್ಟು ಸಣ್ಣದೆಂದರೆ, ಬೀಜ ಎಂದು ಹೇಳಿದರೆ ನೀವು ನಂಬುವುದಿಲ್ಲ. ಕಂದು ಬಣ್ಣದ ಧೂಳು. ಗಾಳಿ ಬೀಸಿದ ಕಡೆ ಹೋಗುವುದೇ ಅದರ ಪ್ರಯಾಣ.

ಹಣ್ಣು ತಿಂದು ಮುಗಿಸಿ ಒಳಗೆ ಹೋಗಿ ಬೀರುವಿನ ಮೇಲಿನ ಖಾನೆಯಿಂದ ಒಂದು ದುಂಡನೆಯ ತಗಡಿನ ಡಬ್ಬಿ ತೆಗೆದುಕೊಂಡು ಬಂದೆ. ಮುಚ್ಚಳದ ಮೇಲೆ ಅಂಟಿಸಿದ ಕಾಗದ ಹಳದಿಯಾಗಿದೆ. ಅದರ ಮೇಲೆ ನನ್ನ ಮಾವನವರ ದುಂಡಗಿನ ಅಕ್ಷರದಲ್ಲಿ ಎರಡೇ ಪದ: 'ನಶ್ಯ ಅಲ್ಲ'. ಈ ಎರಡು ಪದಗಳ ಹಿಂದೆ ಹತ್ತು ಹನ್ನೆರಡು ವರ್ಷಗಳ ಕಥೆ ಇದೆ. ಮಗಳಿಗೆ ಹೇಳಹೊರಟರೆ ಅವಳ ಫೋನ್ ಬಡಿದುಕೊಂಡಿತು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಆರಂಭ. ನಾವಾಗ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಪಶ್ಚಿಮಕ್ಕೆ ಮುಖ ಮಾಡಿದ ಸಣ್ಣ ಬಾಲ್ಕನಿ. ಸಂಜೆ ಮೆಟ್ಟಿಲಿಳಿದರೆ ಒಂದೊಂದು ಮಹಡಿಯಲ್ಲಿ ಒಂದೊಂದು ಊರಿನ ಹುಳಿಯ ವಾಸನೆ. ಮಾವ ಮೈಸೂರಿನಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತರಾದ ಮೇಲೆ ಅತ್ತೆಯವರೊಂದಿಗೆ ನಮ್ಮಲ್ಲಿಗೆ ಬಂದರು. ಮಾವನಿಗೆ ಇದ್ದ ದುರಭ್ಯಾಸ ಒಂದೇ, ನಶ್ಯ. ಬೆಳಿಗ್ಗೆ ಕಾಫಿಯಾದ ಮೇಲೆ ಒಂದು ಚಿಟಿಕೆ, ಪೇಪರು ಓದಿದ ಮೇಲೆ ಒಂದು, ಯಾರಾದರೂ ಬಂದರೆ ಅವರ ಗೌರವಾರ್ಥ ಇನ್ನೊಂದು. ಡಬ್ಬಿ ತೆರೆದು ಮೊದಲು ಎದುರಿನವರ ಮುಂದೆ ಹಿಡಿದು, ಅವರು ತೆಗೆದುಕೊಂಡ ಮೇಲೆಯೇ ತಾವು ತೆಗೆದುಕೊಳ್ಳುವುದು ಅವರ ಮರ್ಯಾದೆ. ಅವರ ಕರ್ಚೀಫುಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುವುದು ಅತ್ತೆಯವರ ಮರ್ಯಾದೆ.

ಅತ್ತೆ ಕೂನೂರಿನವರು. ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ನೀಲಗಿರಿ ಬೆಟ್ಟ ಹತ್ತಿ ಟೀ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅತ್ತೆಗೆ ಮಂಡಿನೋವು. ಅದಕ್ಕೆ ನೀಲಗಿರಿಯಲ್ಲಿ ಬೆಳೆಯುವ, ಬ್ಲೂಬೆರಿಯ ವಂಶದ್ದೇ ಆದ ವಿಂಟರ್‌ಗ್ರೀನ್ ಗಿಡದ ಎಣ್ಣೆ ಹಚ್ಚುತ್ತಿದ್ದರು. ಆ ಘಾಟಿಗೆ ಪಕ್ಕದ ಮನೆಯವರೂ ಮಂಡಿನೋವು ವಾಸಿಯಾಗಿ ಓಡಾಡಬೇಕು, ಅಂಥದ್ದು. ಒಂದು ದಿನ ಎಣ್ಣೆ ತಿಕ್ಕಿಕೊಡುತ್ತಾ ನಾನು ನನ್ನ ಪಾಂಡಿತ್ಯ ತೋರಿಸಿದೆ. "ಅತ್ತೇ, ಈ ಗಿಡದ ಹಣ್ಣು ಇದೆಯಲ್ಲ, ಅದು ನಿಜವಾದ ಹಣ್ಣಲ್ಲ. ಹೂವಿನ ಬುಡದಲ್ಲಿ ಹಸಿರು ಬಟ್ಟಲಿರತ್ತೆ ನೋಡಿ, ಪುಷ್ಪಪಾತ್ರೆ ಅಂತ. ಹೂ ಉದುರಿದ ಮೇಲೆ ಅದೇ ರಸ ತುಂಬಿ ಊದಿಕೊಂಡು ಒಳಗಿನ ಒಣಕಾಯಿನ ಸುತ್ತಿಕೊಂಡುಬಿಡತ್ತೆ. ನಾವು ಅದನ್ನೇ ಹಣ್ಣು ಅಂದುಕೊಳ್ತೀವಿ."

ಅತ್ತೆ ಮಂಡಿಯ ಮೇಲೆ ಸೀರೆ ಎಳೆದುಕೊಂಡರು. "ಸ್ಕೂಲಿಂದ ಬರ್ತಾ ಬೇಲಿ ಹತ್ರ ಕಿತ್ತು ತಿಂತಿದ್ವಿ ಕಣೆ. ತಿಂದಾಗ ಹಣ್ಣೇ ಆಗಿತ್ತು" ಎಂದರು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಆದರೆ ಅತ್ತೆಯವರ ಜೀವ ಇದ್ದದ್ದು ಆ ಹಣ್ಣಿನಲ್ಲಲ್ಲ, ಅದೇ ವಂಶದ ಇನ್ನೊಂದು ಮರದಲ್ಲಿ. ಅವರ ತಂದೆಯ ಮನೆಯ ಕಾಂಪೌಂಡಿನಲ್ಲಿ ಒಂದು ರೊಡೊಡೆಂಡ್ರಾನ್ ಇತ್ತು. ಅತ್ತೆ ಅದನ್ನು ಪೂಮರ ಎನ್ನುತ್ತಿದ್ದರು. ಚಳಿ ಕಳೆಯುತ್ತಿದ್ದಂತೆ ಕೊಂಬೆಯ ತುದಿಯಲ್ಲೆಲ್ಲ ಬೊಗಸೆ ಬೊಗಸೆ ಕೆಂಪು ಹೂವಿನ ಗೊಂಚಲು. ಮಾವ ಹೆಣ್ಣು ನೋಡಲು ಬಂದ ದಿನ ಆ ಚಳಿಯಲ್ಲಿ ಎಲ್ಲಿ ಹುಡುಕಿದರೂ ಮುಡಿಸಲು ಮೊಳ ಮಲ್ಲಿಗೆ ಸಿಗಲಿಲ್ಲವಂತೆ. ಹೂವಿಲ್ಲದೆ ಹೆಣ್ಣನ್ನು ಹೊರಗೆ ಕರೆತರುವುದು ಹೇಗೆ? ಅವರ ತಂದೆ ಏಣಿ ಹತ್ತಿ ಒಂದು ಕೆಂಪು ಗೊಂಚಲನ್ನೇ ಕಿತ್ತು ಜಡೆಗೆ ಸಿಕ್ಕಿಸಿದರಂತೆ. "ತಲೆ ಮೇಲೆ ದೀಪ ಹೊತ್ತ ಹಾಗಿತ್ತು ಕಣೆ, ಕತ್ತು ತಿರುಗಿಸೋ ಹಾಗಿರಲಿಲ್ಲ" ಎಂದು ಅತ್ತೆ ನಗುತ್ತಿದ್ದರು. ಮಾವನನ್ನು ಕೇಳಿದರೆ, "ಅಂದು ಕೊಟ್ಟ ಉಪ್ಪಿಟ್ಟು ಚೆನ್ನಾಗಿತ್ತು" ಎನ್ನುತ್ತಿದ್ದರು. ಹೂವಿನ ಮಾತು ಎತ್ತುತ್ತಿರಲಿಲ್ಲ. ಮದುವೆಯಾದ ಮೇಲೆ ಹೂ ಬಿಡುವ ಕಾಲಕ್ಕೆ ಸರಿಯಾಗಿ ಅತ್ತೆ ತವರಿಗೆ ಹೋದದ್ದೇ ಇಲ್ಲ. ಆ ಹೊತ್ತಿಗೆ ಮೇಷ್ಟರಿಗೆ ಪರೀಕ್ಷೆಯ ಕಾಲ. "ಬರೋ ವರ್ಷ ಹೋದರಾಯ್ತು" ಎನ್ನುವುದು ಮಾವನ ಕಾಯಂ ಉತ್ತರ.

ಹೀಗಿರುವಾಗ ಒಂದು ವರ್ಷ ಜನವರಿಯಲ್ಲಿ ಅತ್ತೆಯ ತಮ್ಮ ಟ್ರಂಕ್ ಕಾಲ್ ಮಾಡಿದರು. ರಸ್ತೆ ಅಗಲ ಮಾಡುವುದಕ್ಕೆ ಕಾಂಪೌಂಡ್ ಗೋಡೆ ಒಡೆದು ಮರ ಕಡಿದರು ಎಂಬ ಸುದ್ದಿ. ಕೆಳಗಿನ ಮನೆಯ ಫೋನಿನಲ್ಲಿ ಮಾತಾಡಿ ಮೆಟ್ಟಿಲು ಹತ್ತಿ ಬಂದ ಅತ್ತೆ ಬಾಗಿಲಲ್ಲೇ ಕುಳಿತುಬಿಟ್ಟರು. ಮಾವ ಪೇಪರಿನಿಂದ ತಲೆ ಎತ್ತಿ, "ಯಾರಿಗೇನಾಯ್ತೋ ಅಂತ ಹೆದರಿದ್ದೆ. ಮರ ತಾನೇ?" ಎಂದರು. ನನಗೆ ಆ ಕ್ಷಣ ಅವರ ಬಾಯಿಗೆ ಕೈ ಅಡ್ಡ ಹಿಡಿಯಬೇಕೆನಿಸಿತು. ಸೊಸೆಯಾದವಳು ಹಾಗೆಲ್ಲ ಮಾಡುವಂತಿರಲಿಲ್ಲ.

ಕೆಲವು ದಿನಗಳ ಮೇಲೆ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅತ್ತೆಯ ತಮ್ಮ ಒಂದು ಪೊಟ್ಟಣ ಕಳಿಸಿದರು. ಕಡಿದುರುಳಿಸಿದ ಕೊಂಬೆಗಳಿಂದ ಆಯ್ದ ಒಣಕಾಯಿಗಳು. ನೋಡಿದರೆ ದೊಡ್ಡ ಜಾತಿಯ ಲವಂಗವೆನ್ನಬೇಕು, ಹಾಗಿದ್ದವು. ಒಂದೆರಡು ಆಗಲೇ ತುದಿಯಲ್ಲಿ ಬಾಯಿ ತೆರೆದಿದ್ದವು. ಉಳಿದವನ್ನು ಬಿಳಿ ಕಾಗದದ ಮೇಲೆ ಹರಡಿ ಬಿಸಿಲು ತೋರಿಸಿದೆವು. ಅವು ಬಿರಿದ ಮೇಲೆ ಅತ್ತೆ ಒಂದೊಂದನ್ನೇ ಎತ್ತಿ ಕಾಗದಕ್ಕೆ ತಟ್ಟಿದರು. ಸಣ್ಣಗೆ, ಕಂದು ಬಣ್ಣಕ್ಕೆ, ಧೂಳು ಸುರಿಯಿತು. ನಾನು ಕಾಲೇಜಿನ ಕಾಲದ ಭೂತಗನ್ನಡಿ ತಂದು ಕೊಟ್ಟೆ. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. "ಇಷ್ಟು ಸಣ್ಣದರೊಳಗೆ ಅಷ್ಟು ದೊಡ್ಡ ಮರ ಇದೆ ಅಂತೀಯ?" ಎಂದರು. ಇದೆ ಎಂದೆ. ಹೂ ಬಿಡಲು ಹತ್ತು ವರ್ಷವಾದರೂ ಬೇಕು ಎಂಬುದನ್ನು ಹೇಳಲಿಲ್ಲ.

ಮಳೆ ಹಿಡಿಯಲಿ, ಆಮೇಲೆ ಬಿತ್ತೋಣ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಬೀಜ ಎಲ್ಲಿಡುವುದು? ಮುಂಬಯಿಯ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ. ಗಾಳಿಯಾಡದ ಹಾಗೆ ಬಿಗಿಯಾಗಿ ಮುಚ್ಚುವ ಡಬ್ಬಿ ಮನೆಯಲ್ಲಿ ಇದ್ದದ್ದು ಒಂದೇ ಬಗೆಯದು, ಮಾವನ ಖಾಲಿ ನಶ್ಯದ ಡಬ್ಬಿ. ಅತ್ತೆ ಅದನ್ನು ಸೀಗೆಪುಡಿ ಹಾಕಿ ತಿಕ್ಕಿ ಒಣಗಿಸಿ ಬೀಜ ತುಂಬಿ ದೇವರ ಗೂಡಿನಲ್ಲಿಟ್ಟರು. ಮುಂದೆ ಏನಾಯಿತೆಂದು ನೀವು ಆಗಲೇ ಊಹಿಸಿರುತ್ತೀರಿ. ಆದರೂ ಹೇಳುವ ಸುಖ ನನಗೆ ಬೇಕು.

ಇಲ್ಲಿ ಬಸಪ್ಪ ಬರುತ್ತಾನೆ. ಬಿಜಾಪುರದ ಕಡೆಯವನು. ನಮ್ಮ ಬಿಲ್ಡಿಂಗುಗಳ ರಿಪೇರಿ ಹಿಡಿದಿದ್ದ ಕಂಟ್ರಾಕ್ಟರನ ಕೈಕೆಳಗೆ ಮುಕಾದಮನಾಗಿ ಆಳುಗಳನ್ನು ನೋಡಿಕೊಳ್ಳುತ್ತಿದ್ದ. ಮಳೆಗೆ ಮೊದಲು ಬಿರುಕಿಗೆ ಸಿಮೆಂಟು ತುಂಬಿಸುವುದು, ಮಳೆ ಮುಗಿದ ಮೇಲೆ ಗೋಡೆಯ ಪಾಚಿ ಕೆರೆಸಿ ಸುಣ್ಣ ಹೊಡೆಸುವುದು ಅವನ ಕೆಲಸ. ಮನೆಯಲ್ಲಿ ಕನ್ನಡ ಕೇಳಿದ್ದೇ ಒಂದು ದಿನ ನೀರು ಕೇಳುವ ನೆಪದಲ್ಲಿ ಒಳಗೆ ಬಂದ. ಅಂದಿನಿಂದ ಮಾವನಿಗೂ ಅವನಿಗೂ ಗಳಸ್ಯ ಕಂಠಸ್ಯ. ಮಾವನ ಮೈಸೂರು ಕನ್ನಡವೂ ಅವನ ಬಿಜಾಪುರದ ಕನ್ನಡವೂ ನಶ್ಯದ ಡಬ್ಬಿಯ ಮೇಲೆ ಸಂಧಿಸುತ್ತಿದ್ದವು.

ಜೂನ್ ತಿಂಗಳ ಮೊದಲ ವಾರ. ಆಕಾಶ ಕಪ್ಪಾಗಿ ಹಿಂದಿನ ರಾತ್ರಿ ಒಂದು ಮಳೆ ಬಂದಿತ್ತು. ನಾನು ಜರಡಿ ಹಿಡಿದುಕೊಟ್ಟ ಮಣ್ಣನ್ನು ಅತ್ತೆ ಕುಂಡದಲ್ಲಿ ತುಂಬಿ, ಒಳ್ಳೆಯ ಗಳಿಗೆ ನೋಡಿ ಬಿತ್ತಬೇಕೆಂದು ಡಬ್ಬಿಯನ್ನು ದೇವರ ಗೂಡಿನಿಂದ ತಂದು ಬಾಲ್ಕನಿಯ ಸ್ಟೂಲಿನ ಮೇಲಿಟ್ಟು, ಮಡಿಕೆಯಲ್ಲಿ ನೀರು ತರಲು ಒಳಗೆ ಬಂದರು. ಅದೇ ಹೊತ್ತಿಗೆ ಬಸಪ್ಪ ಬಂದ. ಮಾವ ಅವನನ್ನು ಬಾಲ್ಕನಿಗೆ ಕರೆದೊಯ್ದು ಕೂರಿಸಿದರು. ಕೈಗೆಟುಕುವಲ್ಲಿ ಡಬ್ಬಿ ಇತ್ತು. ಅತಿಥಿ ಸತ್ಕಾರ ನಡೆಯಿತು.

ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಮೊದಲು ಬಸಪ್ಪನ ಮಾತು ಕೇಳಿತು. "ಮಾಸ್ತರ, ಇದೇನ್ರೀ ಮಾಲು? ಖಾರಾನ ಇಲ್ಲಲ್ಲ?"

"ಹೌದಲ್ಲ ಕಣಯ್ಯಾ. ಮಳೆಗೆ ಸಪ್ಪೆಯಾಗಿರಬೇಕು. ಇನ್ನೊಂಚೂರು ಜಾಸ್ತಿ ತಗೋ" ಎಂದರು ಮಾವ. ತಾವೂ ಜಾಸ್ತಿ ತೆಗೆದುಕೊಂಡರು.

ಆಮೇಲೆ ಬಂದದ್ದು ಸೀನು. ಮೂವತ್ತು ವರ್ಷ ನಶ್ಯಕ್ಕೆ ಪಳಗಿದ ಮೂಗು ಅಂಥ ಸೀನನ್ನು ಎಂದೂ ಕಂಡಿರಲಿಲ್ಲ. ಮಾವ ಒಂದು ಕಡೆ, ಬಸಪ್ಪ ಒಂದು ಕಡೆ, ಬಾಲ್ಕನಿಯ ಗೋಡೆಗೆ ಆತುಕೊಂಡು ಒಬ್ಬರಿಗೊಬ್ಬರು ಉತ್ತರ ಕೊಟ್ಟಂತೆ ಸೀನಿದರು. ಮಾವನ ಕೈಯಲ್ಲಿ ತೆರೆದೇ ಇದ್ದ ಡಬ್ಬಿಯಿಂದ ಒಂದು ಕಂದು ಮೋಡ ಎದ್ದು ಗೋಡೆಯ ಮೇಲೆ ಹಾದು ಹೋಯಿತು. ನೀರಿನ ಮಡಿಕೆ ಹಿಡಿದು ಬಾಗಿಲಿಗೆ ಬಂದ ಅತ್ತೆ ಅದನ್ನು ಕಣ್ಣಾರೆ ಕಂಡರು. ಅವರು ಕೂಗಲಿಲ್ಲ. ಮಾವನ ಕೈಯಿಂದ ಡಬ್ಬಿ ತೆಗೆದುಕೊಂಡು ಒಳಗೆ ನೋಡಿದರು. ತಳ ಕಾಣುತ್ತಿತ್ತು. ಮಡಿಕೆಯ ನೀರನ್ನು ಬೀಜವಿಲ್ಲದ ಕುಂಡಕ್ಕೆ ಸುರಿದು ಒಳಗೆ ಹೋದರು.

ಅಂದಿನಿಂದ ಅತ್ತೆ ಮಾವನೊಂದಿಗೆ ಮಾತು ಬಿಟ್ಟರು. ಬಿಟ್ಟರು ಎಂದರೆ ಊಟ, ಕಾಫಿ, ಮಾತ್ರೆ, ಯಾವುದೂ ತಪ್ಪಲಿಲ್ಲ. ಎಲ್ಲವೂ ನನ್ನ ಮೂಲಕ. "ಸುಧಾ, ನಿಮ್ಮ ಮಾವಂಗೆ ಹೇಳು, ಕಾಫಿ ಆರ್ತಿದೆ." ಮಾವ ಎರಡು ಮಾರು ದೂರದಲ್ಲೇ ಕೂತು, "ಸುಧಾ, ನಿಮ್ಮ ಅತ್ತೆಗೆ ಹೇಳಮ್ಮ, ಕುಡಿದೆ ಅಂತ" ಎನ್ನುತ್ತಿದ್ದರು. ನಾನು ಇಬ್ಬರ ನಡುವೆ ಪೋಸ್ಟ್ ಆಫೀಸಾದೆ. ಮಾವ ನಶ್ಯ ಬಿಟ್ಟರು. ಯಾರೂ ಹೇಳಿರಲಿಲ್ಲ. ಆ ಕರ್ಚೀಫಿನ ಬಕೆಟ್ಟು ಖಾಲಿಯಾಗಿ ಬಚ್ಚಲಲ್ಲಿ ಬೋರಲು ಬಿದ್ದಿತ್ತು. ಅದನ್ನು ನೋಡಿಯೂ ಅತ್ತೆ ಕರಗಲಿಲ್ಲ.

ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ನಾನೇ ಎತ್ತಿದೆ. "ಅತ್ತೇ, ಬೇಕೂಂತ ಮಾಡಿದ್ದಲ್ಲವಲ್ಲ."

"ಸೀನಿದ್ದಕ್ಕಲ್ಲ ಕಣೆ ನಂಗೆ ಕೋಪ" ಎಂದರು ಅತ್ತೆ. "ಡಬ್ಬಿ ಅಲ್ಲಿಟ್ಟಿದ್ದು ನಾನೇ. ಮರ ತಾನೇ ಅಂದ್ರಲ್ಲ, ಅದು ಹೋಗ್ತಿಲ್ಲ ಒಳಗಿಂದ." ಸೊಪ್ಪಿನ ಕಡ್ಡಿಯೊಂದನ್ನು ಪಟ್ಟನೆ ಮುರಿದರು. ನನಗೆ ದುಃಖವಾಯಿತು. ಆ ಮಾತನ್ನು ಮಾವನಿಗೆ ಪೋಸ್ಟ್ ಮಾಡುವ ಧೈರ್ಯ ಬರಲಿಲ್ಲ.

ಮುಂಬಯಿಯ ಮಳೆಗಾಲವನ್ನು ನಾನು ವರ್ಣಿಸಬೇಕಿಲ್ಲ. ಬಟ್ಟೆ ಒಣಗದು, ಬೆಂಕಿಕಡ್ಡಿ ಹತ್ತದು, ಚಪ್ಪಲಿಗೆ ಬೂಷ್ಟು. ಬಾಲ್ಕನಿಯ ಹೊರಮೈಯಲ್ಲಿ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿದ್ದ ಒಂದು ಜಾಗವಿತ್ತು. ಅಲ್ಲಿ ಪ್ರತಿವರ್ಷ ಪಾಚಿ ದಪ್ಪಗೆ ಹಾಸಿಕೊಳ್ಳುತ್ತಿತ್ತು. ಗಣಪತಿ ಹಬ್ಬಕ್ಕೆ ಇನ್ನೂ ದಿನಗಳಿದ್ದಾಗ ಒಣಹಾಕಿದ್ದ ಟವೆಲ್ ಜಾರಿ ಅಲ್ಲಿ ಸಿಕ್ಕಿಕೊಂಡಿತು. ತೆಗೆಯಲು ಬಗ್ಗಿದವಳಿಗೆ ಪಾಚಿಯ ಮೇಲೆ ಹಸಿರಿನಲ್ಲೇ ಬೇರೆ ಹಸಿರಿನ ಚುಕ್ಕೆಗಳು ಕಂಡವು. ಭೂತಗನ್ನಡಿ ತಂದೆ. ಎರಡೆರಡು ಎಲೆ, ಗಸಗಸೆ ಕಾಳಿನಷ್ಟು. ಕೆಲವಕ್ಕೆ ಮೂರನೆಯ ಎಲೆ ಬಂದಿತ್ತು, ಅದರ ಅಂಚಿನಲ್ಲಿ ಸಣ್ಣ ರೋಮ.

ಆಗ ನನಗೆ ಕಾಲೇಜಿನ ಪಾಠ ಜ್ಞಾಪಕಕ್ಕೆ ಬಂತು. ಧೂಳಿನಂಥ ಈ ಬೀಜದೊಳಗೆ ತಿಂಡಿಯ ಬುತ್ತಿ ಇರುವುದಿಲ್ಲ. ಮಣ್ಣು ಮುಚ್ಚಿದರೆ ತಳ್ಳಿ ಮೇಲೆ ಬರುವ ಕಸುವು ಅದಕ್ಕಿಲ್ಲ. ಅದಕ್ಕೆ ಬೆಳಕು ಬೇಕು, ಮೇಲುಮೇಲೆ ಬಿದ್ದಿರಬೇಕು, ಒದ್ದೆ ಪಾಚಿ ಸಿಕ್ಕಿದರೆ ಸ್ವರ್ಗ. ಅತ್ತೆ ಒಳ್ಳೆಯ ಗಳಿಗೆಯಲ್ಲಿ ಕುಂಡದ ಮಣ್ಣಿನೊಳಗೆ ಭದ್ರವಾಗಿ ಹೂತಿದ್ದರೆ ಒಂದೂ ಹುಟ್ಟುತ್ತಿರಲಿಲ್ಲ. ಈ ವಂಶಕ್ಕೆ ಬೇಕಾದ ಬಿತ್ತನೆಯನ್ನು ಇಬ್ಬರು ಗಂಡಸರು ತಿಳಿಯದೆ ಮಾಡಿ ಮುಗಿಸಿದ್ದರು. ಪದವೀಧರೆಯಾದ ನಾನು ಕುಂಡಕ್ಕೆ ಮಣ್ಣು ಜರಡಿ ಹಿಡಿದುಕೊಟ್ಟಿದ್ದೆ.

ಅತ್ತೆಯನ್ನು ಕರೆದು ತೋರಿಸಿದೆ. ನೋಡಿದರು. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದರು. "ಕಳೆ ಇರಬಹುದು. ಈ ಊರಲ್ಲಿ ಗೋಡೆ ಕಂಡ ಕಡೆ ಅರಳಿ ಹುಟ್ಟತ್ತೆ" ಎಂದರು. ಆದರೆ ಮಾರನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಬಾಲ್ಕನಿಯಲ್ಲಿದ್ದರು. ಅದರ ಮಾರನೆಯ ದಿನ ಮಾವನೂ ಇದ್ದರು, ಆ ತುದಿಯಲ್ಲಿ, ಬೇರೆ ಕಡೆ ನೋಡುವವರಂತೆ.

ನವರಾತ್ರಿ ಕಳೆಯಿತು. ಬಸಪ್ಪ ಆಳುಗಳೊಂದಿಗೆ ಬಂದ. ದೀಪಾವಳಿಗೆ ಮುಂಚೆ ಇಡೀ ಬಿಲ್ಡಿಂಗಿನ ಪಾಚಿ ಕೆರೆದು ಸುಣ್ಣ ಹೊಡೆಯಬೇಕು. ಅತ್ತೆ ಬಾಗಿಲಲ್ಲೇ ತಡೆದರು. "ಬಸಪ್ಪ, ಆ ಒಂದು ಜಾಗ ಬಿಟ್ಟುಬಿಡಪ್ಪ."

"ಯಾಕ್ರೀ ಅವ್ವಾರ? ಸಾಹೇಬ ಬಂದು ನೋಡಿದ್ರ ನನಗ ಬೈತಾನ್ರೀ, ಕಾಮ್ ಅಧೂರಾ ಬಿಟ್ಟೀ ಅಂತ."

ನಾನು ಭೂತಗನ್ನಡಿ ಕೊಟ್ಟು ವಿಷಯ ಹೇಳಿದೆ. ಬಸಪ್ಪ ಗೋಡೆಯ ಮೇಲೆ ಹೊಟ್ಟೆ ಹಾಕಿ ಬಗ್ಗಿ ನೋಡಿದ. ಎದ್ದವನು ಮೂಗು ಮುಟ್ಟಿಕೊಂಡ. "ಹಂಗಾದ್ರ ಇದರಾಗ ನಂದೂ ಒಂದ್ ಸೀನು ಅದ ಅಲ್ರೀ ವೈನಿ" ಎಂದ, ನನ್ನನ್ನು ಅತ್ತಿಗೆ ಮಾಡಿಕೊಂಡು. ಅತ್ತೆ ನಕ್ಕುಬಿಟ್ಟರು. ಜೂನ್‌ನಿಂದ ಆ ಮನೆಯಲ್ಲಿ ಕೇಳದಿದ್ದ ನಗು. ಇಡೀ ಬಿಲ್ಡಿಂಗು ಬೆಳ್ಳಗಾಯಿತು. ನಮ್ಮ ಬಾಲ್ಕನಿಯ ಹೊರಗೆ ಅಂಗೈ ಅಗಲದ ಒಂದು ಹಸಿರು ಕಲೆ ಮಾತ್ರ ಉಳಿಯಿತು. ಸಾಹೇಬರಿಗೆ ಬಸಪ್ಪ ಏನು ಹೇಳಿದನೋ ನನಗೆ ಗೊತ್ತಿಲ್ಲ.

ಸುಣ್ಣದಿಂದ ಉಳಿದವು, ಬಿಸಿಲಿನಿಂದ ಉಳಿಯಬೇಕಲ್ಲ. ಅಕ್ಟೋಬರಿನ ಮುಂಬಯಿ ಹೆಂಚು ಕಾದ ಹಾಗೆ ಕಾಯುತ್ತದೆ. ಪಾಚಿ ಅಂಚಿನಿಂದ ಕಂದಾಗುತ್ತಾ ಬಂತು. ಚುಕ್ಕೆಗಳು ಒಂದೊಂದಾಗಿ ಮಾಯವಾದವು. ಒದ್ದೆ ಬಟ್ಟೆ ಹೊದಿಸಿದೆವು, ಕೆಳಗಿನ ಮನೆಯ ಫ್ರಿಜ್ಜಿನಿಂದ ಐಸ್ ತಂದು ಕರಗಿಸಿ ಚಿಮುಕಿಸಿದೆವು. ಕೊನೆಗೆ ಆರೇಳು ಉಳಿದವು. ಅತ್ತೆ ಊಟ ಕಡಿಮೆ ಮಾಡಿದರು. ಎರಡನೆಯ ಸಲ ಆ ಮರ ಸಾಯುವುದನ್ನು ಅವರು ನೋಡಬೇಕಾಗಿತ್ತು, ಈ ಸಲ ಕಣ್ಣೆದುರಿಗೇ.

ಒಂದು ಮಧ್ಯಾಹ್ನ ನಾನು ಮಾರ್ಕೆಟ್ಟಿನಿಂದ ಬಂದು ನೋಡುತ್ತೇನೆ, ಮಾವ ಬನಿಯನ್ನು ಪಂಚೆಯಲ್ಲಿ ಬಾಲ್ಕನಿಯಲ್ಲಿ ನಿಂತಿದ್ದಾರೆ. ಕೈಯಲ್ಲಿ ಕಪ್ಪು ಕೊಡೆ. ಕೊಡೆ ಇರುವುದು ಅವರ ತಲೆಯ ಮೇಲಲ್ಲ. ಗೋಡೆಯಾಚೆ ಚಾಚಿ, ಆ ಅಂಗೈ ಅಗಲದ ಪಾಚಿಯ ಮೇಲೆ ನೆರಳು ಬೀಳುವಂತೆ ಹಿಡಿದಿದ್ದಾರೆ. ಎದುರಿನ ಬಿಲ್ಡಿಂಗಿನ ಕಿಟಕಿಗಳಲ್ಲಿ ಹೆಂಗಸರು ನಗುತ್ತಿದ್ದರು. ಮಾವನ ಬೋಳು ತಲೆ ಬೆವರಿ ಹೊಳೆಯುತ್ತಿತ್ತು. ತೋಳು ನೋಯುತ್ತಿರಬೇಕು, ಕೈ ಬದಲಾಯಿಸಿದರು. ಕೊಡೆ ಮಾತ್ರ ಸರಿಯಲಿಲ್ಲ.

ಅತ್ತೆ ಒಳಗೆ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರು. ನನ್ನನ್ನು ಕಂಡು ಅಭ್ಯಾಸಬಲದಿಂದ "ಸುಧಾ, ನಿಮ್ಮ ಮಾವಂಗೆ..." ಎಂದು ಶುರುಮಾಡಿ ನಿಲ್ಲಿಸಿದರು. ನಿಧಾನವಾಗಿ ಬಾಲ್ಕನಿಗೆ ಹೋದರು. "ತಲೆಗೆ ಟವೆಲ್ ಆದ್ರೂ ಹಾಕ್ಕೊಳ್ಳಿ, ಸುಡತ್ತೆ" ಎಂದು ತಾವೇ ಹಾಕಿದರು. ಮಾವ ತಿರುಗಿ ನೋಡಲಿಲ್ಲ. "ಇವತ್ತೂ ಒಂದು ಹೋಯ್ತು ಕಣೇ" ಎಂದರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೋಸ್ಟ್ ಆಫೀಸು ಮುಚ್ಚಿತು.

ಅದೇ ರಾತ್ರಿ ಊಟಕ್ಕೆ ಕುಳಿತಾಗ ಮಾವ ಘೋಷಿಸಿದರು. "ಇವನ್ನು ಅವುಗಳ ಊರಿಗೆ ಬಿಟ್ಟುಬರ್ತೀವಿ. ನಾಳೆ ಟಿಕೆಟ್ ನೋಡು." ಅನ್ನ ಕಲಸುತ್ತಿದ್ದ ನನ್ನ ಯಜಮಾನರ ಕೈ ನಿಂತಿತು. ಹೆಂಡತಿಯ ತವರಿಗೆ ಬರೋ ವರ್ಷ, ಬರೋ ವರ್ಷ ಎಂದು ಮೂವತ್ತು ವರ್ಷ ತಳ್ಳಿದ ಮನುಷ್ಯ ಹೇಳುತ್ತಿದ್ದ ಮಾತದು. ಬಸಪ್ಪ ತನ್ನ ಕರಣೆ ತಂದು ಇಟ್ಟಿಗೆಯ ಮೇಲಿಂದ ಪಾಚಿಯನ್ನು ದೋಸೆ ಎತ್ತುವ ಹಾಗೆ ಎತ್ತಿಕೊಟ್ಟ. ಒದ್ದೆ ಬಟ್ಟೆ ಹಾಸಿದ ಸ್ಟೀಲು ಡಬ್ಬದಲ್ಲಿ ಅದನ್ನು ಮಲಗಿಸಿದೆವು. ದಾದರ್‌ನಲ್ಲಿ ರೈಲು ಹತ್ತಿಸುವಾಗ ಅತ್ತೆ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮಾವ ಕಿಟಕಿಯ ಶಟರ್ ಎಳೆಯುತ್ತಿದ್ದರು, ಅವರ ಮೇಲೆ ಬಿಸಿಲು ಬೀಳುತ್ತದೆ ಎಂದು. ಯಾರ ಮೇಲೆ ಎಂದು ನಾನು ಕೇಳಲಿಲ್ಲ.

ಕೂನೂರಿನಲ್ಲಿ ಉಳಿದದ್ದು ಒಂದೇ ಸಸಿ. ಒಡೆದ ಕಾಂಪೌಂಡಿನ ಹಿಂದೆ, ಬಾವಿಯ ಪಕ್ಕ, ಅತ್ತೆಯ ತಮ್ಮ ನೆಟ್ಟು ನೋಡಿಕೊಂಡರು. ಅಂದಿನಿಂದ ಅತ್ತೆ ಮಾವ ಪ್ರತಿವರ್ಷ ಚಳಿ ಕಳೆಯುವ ಹೊತ್ತಿಗೆ ಅಲ್ಲಿಗೆ ಹೋಗಿಬರತೊಡಗಿದರು. ಹೋಗಿ ಬಂದವರೇ ಕೈ ಎತ್ತಿ ಅಳತೆ ತೋರಿಸುತ್ತಿದ್ದರು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಅತ್ತೆಯ ಭುಜ. "ಹೂ ಯಾವಾಗ ಬಿಡತ್ತೆ ಸುಧಾ?" ಎಂದು ಅತ್ತೆ ಪ್ರತಿಸಲ ಕೇಳುವರು. ಬರೋ ವರ್ಷ ಎಂದು ನಾನು ಪ್ರತಿಸಲ ಹೇಳುವೆ. ಆ ಮನೆಯ ಕಾಯಂ ಉತ್ತರ ಅಷ್ಟರಲ್ಲಿ ನನ್ನ ಪಾಲಿಗೆ ಬಂದಿತ್ತು.

ತೊಂಬತ್ತರ ದಶಕ ಹುಟ್ಟುವ ಹೊತ್ತಿಗೆ ಅತ್ತೆ ಹೋದರು. ಹೂ ನೋಡಲಿಲ್ಲ. ನನಗೆ ಆಗ ವಿಂಟರ್‌ಗ್ರೀನ್ ಹಣ್ಣು ನೆನಪಾಗುತ್ತಿತ್ತು. ಹೂವಿದ್ದಾಗ ಆ ಹಸಿರು ಬಟ್ಟಲಿನ ಕಡೆ ಯಾರೂ ನೋಡುವುದಿಲ್ಲ. ಹೂ ಉದುರಿದ ಮೇಲೆ ಅದು ತುಂಬಿಕೊಂಡು, ಉಳಿದದ್ದನ್ನು ಸುತ್ತಿ ಹಿಡಿಯುತ್ತದೆ. ಅತ್ತೆ ಇದ್ದಷ್ಟು ಕಾಲ ಉಪ್ಪಿಟ್ಟಿನ ಮಾತು ಮಾತ್ರ ಆಡುತ್ತಿದ್ದ ಮಾವ, ಅವರು ಹೋದ ಮೇಲೆ ಒಬ್ಬರೇ ರೈಲು ಹತ್ತಿ ಕೂನೂರಿಗೆ ಹೋಗುತ್ತಿದ್ದರು.

ಅತ್ತೆ ಹೋದ ಎರಡನೆಯ ವರ್ಷ ಹೋಗಿಬಂದು, "ಬಿಡ್ತಮ್ಮ" ಎಂದಷ್ಟೇ ಹೇಳಿ ಬಾಲ್ಕನಿಯಲ್ಲಿ ಕುಳಿತರು. ಅದೇ ವರ್ಷದ ಕೊನೆಗೆ, ಕಾಯಿ ಬಲಿಯುವ ಕಾಲಕ್ಕೆ, ಹಟ ಹಿಡಿದು ಮತ್ತೊಮ್ಮೆ ಹೋದರು. ಬರುವಾಗ ಈ ಹಳೆಯ ನಶ್ಯದ ಡಬ್ಬಿ ತಂದರು, ಮುಚ್ಚಳದ ಮೇಲೆ ಕಾಗದ ಅಂಟಿಸಿಕೊಂಡು. ಬೀಜದಲ್ಲಿ ಬಹುಪಾಲನ್ನು ಅಲ್ಲೇ ಅತ್ತೆಯ ತಮ್ಮನಿಗೆ ಕೊಟ್ಟು ಪಾಚಿಯ ಮೇಲೆ ಉದುರಿಸಲು ಹೇಳಿ ಬಂದಿದ್ದರು. ಮನೆಯಲ್ಲಿರಲಿ ಎಂದು ಒಂದು ಚಿಟಿಕೆ ಇದರಲ್ಲಿ.

ಬಸಪ್ಪ ಆಗ ಮಲಾಡ್‌ನಲ್ಲಿ ಸ್ವಂತ ಕೆಲಸ ಹಿಡಿಯುತ್ತಿದ್ದ. ಮಾಸ್ತರರು ಬಂದ ಸುದ್ದಿ ತಿಳಿದು ಲೋಕಲ್ ಹಿಡಿದು ನೋಡಲು ಬಂದ. ಕೂದಲು ಬೆಳ್ಳಗಾಗಿತ್ತು. ಮಾವ ಹಳೆಯ ಕ್ರಮದಂತೆ ಡಬ್ಬಿ ತೆರೆದು ಅವನ ಮುಂದೆ ಹಿಡಿದರು. ಬಸಪ್ಪ ಮುಚ್ಚಳ ಓದಿದ. ತಕ್ಷಣ ಎರಡೂ ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿ, ಮುಖ ಬೇರೆ ಕಡೆ ತಿರುಗಿಸಿ ಉಸಿರು ಬಿಟ್ಟ. "ಇಲ್ಲೇ ಹಾಕೋಣೇನ್ರೀ ಮಾಸ್ತರ, ಗ್ವಾಡಿ ಮ್ಯಾಲ?"

"ಬೇಡ ಕಣಯ್ಯಾ. ಕೊಡೆ ಹಿಡಿಯೋಕೆ ನಂಗಿನ್ನು ಆಗಲ್ಲ." ಮಾವ ಮುಚ್ಚಳ ಒತ್ತಿದರು. ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಇದ್ದರು. "ಅದೇ ಕೆಂಪು ಕಣೋ. ನೋಡೋಕೆ ಹೋದಾಗ ಜಡೇಲಿ ಇತ್ತಲ್ಲ, ಅದೇ. ಕತ್ತು ತಿರುಗಿಸದೆ ನಿಂತಿದ್ದಳು. ಮರ ತಾನೇ ಅಂದುಬಿಟ್ಟಿದ್ದೆ ನಾನು. ಅವಳಿಗೆ ತೋರಿಸಬೇಕಿತ್ತು." ಬಸಪ್ಪ ಅವರ ಮಂಡಿಯ ಮೇಲೆ ಕೈಯಿಟ್ಟ. ಚಹಾ ತಂದ ನಾನು ಲೋಟಗಳನ್ನು ಹಿಡಿದು ಅಲ್ಲೇ ನಿಂತಿದ್ದೆ.

ಮಾವನೂ ಹೋಗಿ ವರ್ಷಗಳಾದವು. ಇಂಥ ಬೀಜದಲ್ಲಿ ಇಷ್ಟು ಕಾಲ ಜೀವ ಉಳಿಯುವುದಿಲ್ಲ. ನನ್ನ ಪದವಿಗೆ ಬೇರೇನು ತಿಳಿಯದಿದ್ದರೂ ಅಷ್ಟು ಚೆನ್ನಾಗಿ ತಿಳಿದಿದೆ. ಮೊನ್ನೆ ಮಗಳ ಫೋನ್ ಮುಗಿದ ಮೇಲೆ ಅವಳಿಗೆ ತೋರಿಸೋಣ ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ತೆರೆಯುವ ಮೊದಲು ಎದ್ದು ಹೋಗಿ ಫ್ಯಾನ್ ಆರಿಸಿದೆ.

"ಅಮ್ಮಾ, ಎಷ್ಟು ಗರ್ಮಿ ಇದೆ! ಬಂದ್ ಯಾಕೆ ಮಾಡ್ದೆ?" ಎಂದಳು.

"ಸುಮ್ಮನಿರು" ಎಂದೆ. "ಹತ್ತಿರ ಬಾ. ಉಸಿರು ಬಿಗಿಹಿಡಿದು ನೋಡು."